ಮನೆಗೆ ಕಳಿಸುವ ಮುನ್ನ

ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಹುಟ್ಟಿದ ಮಗುವಿಗೆ ಏನೇನು ಮಾಡುತ್ತೀರಿ ಎಂದು ಕೇಳಿದರೆ ಯಾವ ನರ್ಸಾದರೂ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ತೂಕ ನೋಡುವುದು, ವಿಟಮಿನ್ ಕೆ ಇಂಜೆಕ್ಷನ್, ಗಂಟೆಯೊಳಗೆ ಎದೆಹಾಲು, ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ ಲಸಿಕೆ, ತಾಯಿ ಕಾರ್ಡ್ ತುಂಬುವುದು. ಇದರಲ್ಲಿ ಯಾವುದಕ್ಕೂ ವಿಶೇಷ ಜಾಣ್ಮೆ ಬೇಕಿಲ್ಲ, ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಮಗು ಯಾರದ್ದೇ ಇರಲಿ, ನೋಡಲು ಎಷ್ಟೇ ಗುಂಡುಗುಂಡಾಗಿರಲಿ, ಆಗಲೇಬೇಕು ಎನ್ನುವ ಕೆಲಸಗಳು ಇವು. ಎರಡು ದಿನ ಕಳೆದ ಮೇಲೆ ನಗು-ಮಗು ವಾಹನ ತಾಯಿ ಮಗುವನ್ನು ಮನೆಗೆ ಬಿಟ್ಟು ಬರುತ್ತದೆ. ಈ ಪಟ್ಟಿಯಲ್ಲಿ ಒಂದು ಕೆಲಸ ದೇಶದ ಎಲ್ಲ ಹೆರಿಗೆ ವಾರ್ಡುಗಳಲ್ಲಿ ಇನ್ನೂ ತಪ್ಪದೆ ಸೇರಿಲ್ಲ. ಮಗುವಿನ ಬಲಗೈಗೂ ಒಂದು ಪಾದಕ್ಕೂ ಪಲ್ಸ್ ಆಕ್ಸಿಮೀಟರ್ ಕಟ್ಟಿ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡುವ ಕೆಲಸ ಅದು. ಹಿಡಿಯುವ ಸಮಯ ನಾಲ್ಕೈದು ನಿಮಿಷ. ಹುಟ್ಟಿನಿಂದ ಬಂದ ಹೃದಯದ ದೋಷಗಳನ್ನು ಬೇಗ ಗುರುತಿಸುವ ಪ್ರಶ್ನೆಯನ್ನು ಯಾವ ಕಡೆಯಿಂದ ಪರಿಶೀಲಿಸಿದರೂ ಕೊನೆಗೆ ಬಂದು ನಿಲ್ಲುವುದು ಈ ನಾಲ್ಕೈದು ನಿಮಿಷದ ಹತ್ತಿರವೇ ಎನ್ನುವುದು ನನ್ನ ವಾದ. ನಮಗೆ ಕೊರತೆ ಇರುವುದು ಜ್ಞಾನದ್ದಲ್ಲ, ಯಂತ್ರದ್ದೂ ಅಲ್ಲ. ಗೊತ್ತಿರುವುದನ್ನು ಪ್ರತಿ ಮಗುವಿಗೂ ತಪ್ಪದೆ ಮಾಡುವ ಕಟ್ಟಲೆಯದ್ದು.

ಮೊದಲು ಲೆಕ್ಕ. ದೆಹಲಿಯ ಏಮ್ಸ್‌ನ ಮಕ್ಕಳ ಹೃದ್ರೋಗ ತಜ್ಞರು 20,307 ನವಜಾತ ಶಿಶುಗಳನ್ನು ಎಕೋ ಸೇರಿದಂತೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 164 ಮಕ್ಕಳಿಗೆ ಗಣನೀಯ ಹೃದಯದೋಷ ಕಂಡಿತ್ತು. ಅಂದರೆ ಸಾವಿರಕ್ಕೆ ಎಂಟು. ಪ್ರಪಂಚದ ಬೇರೆ ಕಡೆಯ ಲೆಕ್ಕವೂ ಹೆಚ್ಚುಕಡಿಮೆ ಇಷ್ಟೇ. ದೇಶದಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಹೀಗೆ ಹುಟ್ಟುತ್ತಾರೆ, ಅವರಲ್ಲಿ ಸುಮಾರು ಐದನೇ ಒಂದು ಭಾಗಕ್ಕೆ ಮೊದಲ ವರ್ಷದೊಳಗೇ ಚಿಕಿತ್ಸೆ ಬೇಕು ಎನ್ನುವುದು ತಜ್ಞರು ಬಹುಕಾಲದಿಂದ ಹೇಳುತ್ತಿರುವ ಅಂದಾಜು. ಕರ್ನಾಟಕದಲ್ಲಿ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಹೆರಿಗೆಗಳಾಗುತ್ತವೆ ಎಂದು ಹಿಡಿದರೆ, ಎಂಟು ಸಾವಿರದಷ್ಟು ಮಕ್ಕಳು, ಅವರಲ್ಲಿ ಒಂದೂವರೆ ಸಾವಿರ ಮಕ್ಕಳು ಕಾಯಿಸುವಂತೆಯೇ ಇಲ್ಲದವರು. ಒಂದೂವರೆ ಸಾವಿರ ಎಂದರೆ ಒಂದು ದೊಡ್ಡ ಪ್ರೌಢಶಾಲೆ ತುಂಬುವಷ್ಟು ಮಕ್ಕಳು, ಪ್ರತಿ ವರ್ಷ. ರಾಜ್ಯವನ್ನು ಒಟ್ಟಾಗಿ ನೋಡುವಾಗ ಇಷ್ಟು ದೊಡ್ಡದಾಗಿ ಕಾಣುವ ಈ ಸಂಖ್ಯೆ ಒಂದೊಂದೇ ಆಸ್ಪತ್ರೆಯ ಮಟ್ಟಕ್ಕೆ ಇಳಿದಾಗ ಕಣ್ಮರೆಯಾಗಿಬಿಡುತ್ತದೆ. ಆ ಮಾತಿಗೆ ಮುಂದೆ ಬರುತ್ತೇನೆ.

ಈ ಮಕ್ಕಳು ಹುಟ್ಟಿದ ದಿನ ಯಾಕೆ ಸಿಕ್ಕಿಬೀಳುವುದಿಲ್ಲ ಎನ್ನುವುದನ್ನು ತಿಳಿಯಬೇಕಾದರೆ ಗರ್ಭದೊಳಗಿನ ರಕ್ತದ ದಾರಿಯನ್ನು ಸ್ವಲ್ಪ ಹಿಂಬಾಲಿಸಬೇಕು. ಹೊಟ್ಟೆಯಲ್ಲಿರುವ ಮಗು ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ ಆಮ್ಲಜನಕವನ್ನು ತಾಯಿಯ ಮಾಸು ಒದಗಿಸುತ್ತದೆ. ಹಾಗಾಗಿ ಶ್ವಾಸಕೋಶಕ್ಕೆ ಹೋಗಬೇಕಾದ ರಕ್ತದಲ್ಲಿ ಬಹುಪಾಲು ಅತ್ತ ಹೋಗದೆ ಅಡ್ಡದಾರಿ ಹಿಡಿಯುತ್ತದೆ. ಹೃದಯದ ಎರಡು ಮೇಲ್ಕೋಣೆಗಳ ನಡುವಿನ ಕಿಂಡಿ ಒಂದು ಅಡ್ಡದಾರಿ. ಶ್ವಾಸಕೋಶದ ಧಮನಿಯನ್ನೂ ಮಹಾಪಧಮನಿಯನ್ನೂ ಜೋಡಿಸುವ ಡಕ್ಟಸ್ ಎಂಬ ಪುಟ್ಟ ನಾಳ ಇನ್ನೊಂದು. ಮಗು ಅತ್ತು ಮೊದಲ ಉಸಿರು ಎಳೆದುಕೊಂಡ ಮೇಲೆ ಈ ನಾಳಕ್ಕೆ ಕೆಲಸವಿಲ್ಲ. ಒಂದರಿಂದ ಮೂರು ದಿನದೊಳಗೆ ಅದು ತಾನಾಗಿ ಬಿಗಿದು ಮುಚ್ಚಿಕೊಳ್ಳುತ್ತದೆ. ಆರೋಗ್ಯವಂತ ಮಗುವಿಗೆ ಇದು ಗೊತ್ತೇ ಆಗದ ಬದಲಾವಣೆ. ಆದರೆ ಶ್ವಾಸಕೋಶದ ಕಡೆಯ ಕವಾಟವೇ ಬೆಳೆಯದ, ಎಡಗಡೆಯ ಹೃದಯವೇ ಕಿರಿದಾಗಿ ಉಳಿದ, ಎರಡು ಮಹಾನಾಳಗಳು ಅದಲುಬದಲಾಗಿ ಹುಟ್ಟಿದ, ಮಹಾಪಧಮನಿ ನಡುವೆ ಕತ್ತರಿಸಿದಂತಿರುವ ಮಕ್ಕಳು ಆ ಪುಟ್ಟ ನಾಳದ ಮೇಲೆಯೇ ಬದುಕಿರುತ್ತಾರೆ. ಅದು ತೆರೆದಿರುವಷ್ಟು ಹೊತ್ತು ಮಗು ಹಾಲು ಕುಡಿಯುತ್ತದೆ, ಮಲಗುತ್ತದೆ, ಅಳುತ್ತದೆ. ತೂಕ ಸರಿಯಿರುತ್ತದೆ. ಅದು ಮುಚ್ಚಿದ ಗಂಟೆಗಳಲ್ಲಿ ಮಗು ಬೂದುಬಣ್ಣಕ್ಕೆ ತಿರುಗಿ ತಣ್ಣಗಾಗುತ್ತದೆ. ದುರದೃಷ್ಟ ಎಂದರೆ, ನಾಳ ಮುಚ್ಚುವ ಹೊತ್ತೂ ತಾಯಿಯನ್ನು ಡಿಸ್ಚಾರ್ಜ್ ಮಾಡುವ ಹೊತ್ತೂ ಬಹುತೇಕ ಒಂದೇ. ವಾರ್ಡಿನಲ್ಲಿ ಚೆನ್ನಾಗಿದ್ದ ಮಗು ಮನೆಗೆ ಹೋದ ಮಾರನೆಯ ದಿನ ಇಲ್ಲವಾಗುತ್ತದೆ, ಹಾಲು ನೆತ್ತಿಗೇರಿತು ಎಂದೋ ಸೋಂಕು ಎಂದೋ ದಾಖಲಾಗುತ್ತದೆ, ಇಲ್ಲವೇ ದಾಖಲಾಗುವುದೂ ಇಲ್ಲ.

ಕಣ್ಣು ಹಿಡಿಯಬಾರದೇ? ‘ನೀಲಿ ಮಗು’ ಎಂಬ ಮಾತೇ ಇದೆಯಲ್ಲ? ಇಲ್ಲೇ ಎಡವುತ್ತೇವೆ. ಚರ್ಮ, ತುಟಿ, ನಾಲಿಗೆ ನೀಲಿಯಾಗಿ ಕಾಣಬೇಕಾದರೆ ರಕ್ತದಲ್ಲಿ ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಒಂದು ಮಟ್ಟಕ್ಕೆ ಏರಬೇಕು. ಮಗುವಿನ ಆಮ್ಲಜನಕ ಶೇಕಡ 80ರ ಆಸುಪಾಸಿಗೆ ಇಳಿಯುವ ತನಕ ಅನುಭವಿ ಕಣ್ಣಿಗೂ ಅದು ನಿಚ್ಚಳವಾಗಿ ಕಾಣುವುದಿಲ್ಲ. ರಕ್ತಹೀನತೆ ಇದ್ದರೆ ಇನ್ನೂ ಕಷ್ಟ. ಇದರ ಮೇಲೆ ನಮ್ಮ ಮಕ್ಕಳ ಮೈಬಣ್ಣ, ವಾರ್ಡಿನ ಟ್ಯೂಬ್‌ಲೈಟ್ ಬೆಳಕು, ಮೊದಲ ದಿನಗಳಲ್ಲಿ ಎಲ್ಲ ಮಕ್ಕಳ ಕೈಕಾಲೂ ಒಂದಿಷ್ಟು ನೀಲಿಯಾಗಿಯೇ ಇರುತ್ತವೆ ಎನ್ನುವ ವಾಸ್ತವ ಸೇರಿಕೊಳ್ಳುತ್ತವೆ. ಶೇಕಡ 95ಕ್ಕೂ 80ಕ್ಕೂ ನಡುವಿನ ಈ ಪಟ್ಟಿಯಲ್ಲೇ ಕಾಯಿಲೆಯ ಮಕ್ಕಳು ಅಡಗಿರುವುದು. ಕಿವಿಯೂ ಪೂರ್ತಿ ನೆಚ್ಚಿಕೊಳ್ಳುವಂಥದ್ದಲ್ಲ. ಅತ್ಯಂತ ಅಪಾಯದ ಕೆಲವು ದೋಷಗಳಲ್ಲಿ ಸ್ಟೆತಸ್ಕೋಪಿಗೆ ಸಪ್ಪಳವೇ ಸಿಗುವುದಿಲ್ಲ. ಕೆಳಕೋಣೆಗಳ ನಡುವಿನ ದೊಡ್ಡ ರಂಧ್ರ, ಅಂದರೆ ಜನ ‘ಹಾರ್ಟಲ್ಲಿ ತೂತು’ ಎನ್ನುವಂಥದ್ದು, ಮೊದಲ ದಿನ ಸದ್ದು ಮಾಡುವುದೇ ಅಪರೂಪ. ಶ್ವಾಸಕೋಶದ ರಕ್ತನಾಳಗಳು ಸಡಿಲಾಗಿ ಎಡದಿಂದ ಬಲಕ್ಕೆ ರಕ್ತ ನುಗ್ಗತೊಡಗಿದ ಮೇಲಷ್ಟೇ ಮರ್ಮರ ಕೇಳುತ್ತದೆ, ಅದಕ್ಕೆ ವಾರಗಳು ಬೇಕು.

ಈಗ ಮೊದಲು ಬಿಟ್ಟ ಮಾತಿಗೆ ಬರೋಣ. ತಿಂಗಳಿಗೆ 150 ಹೆರಿಗೆಗಳಾಗುವ ತಾಲ್ಲೂಕು ಆಸ್ಪತ್ರೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,800 ಮಕ್ಕಳು. ಅವರಲ್ಲಿ ಹೃದಯದೋಷ ಇರುವವರು ಹದಿನಾಲ್ಕು, ತುರ್ತಿನವರು ಮೂವರು. ತಿಂಗಳಿಗೆ ಹತ್ತು ಹೆರಿಗೆಯ ಪ್ರಾಥಮಿಕ ಆರೋಗ್ಯ ಕೇಂದ್ರವಾದರೆ ತುರ್ತಿನ ಮಗು ಬರುವುದು ಐದು ವರ್ಷಕ್ಕೆ ಒಂದು. ಮೂರು ಪಾಳಿಯಲ್ಲಿ ದುಡಿಯುವ ಒಬ್ಬ ನರ್ಸ್ ತನ್ನ ಇಡೀ ಸೇವಾವಧಿಯಲ್ಲಿ ಇಂಥ ಮಗುವನ್ನು ಎತ್ತಿಕೊಳ್ಳುವುದು ಕೈಬೆರಳಲ್ಲಿ ಎಣಿಸುವಷ್ಟು ಸಲ. ಅಂಥವರಿಗೆ ತರಬೇತಿ ಶಿಬಿರದಲ್ಲಿ ‘ಎಚ್ಚರವಾಗಿರಿ’ ಎಂದು ಹೇಳಿದರೆ ಪ್ರಯೋಜನವೇನು? ಆರುನೂರು ಆರೋಗ್ಯವಂತ ಮಕ್ಕಳ ನಡುವೆ ಒಂದೇ ಒಂದು ಸಪ್ಪೆ ಮಗುವನ್ನು, ಅದೂ ಇನ್ನೂ ಸಪ್ಪೆಯಾಗದಿರುವ ಮಗುವನ್ನು, ಬರಿಯ ಎಚ್ಚರದಿಂದ ಹೆಕ್ಕುವುದು ಮನುಷ್ಯಮಾತ್ರದವರಿಂದ ಆಗುವ ಕೆಲಸವಲ್ಲ. ಅಪರೂಪಕ್ಕೆ ಬರುವುದನ್ನು ಹಿಡಿಯಬೇಕಾದರೆ ಅದು ಬರದ ದಿನವೂ ಬಲೆ ಹಾಸಿರಬೇಕು. ಹೃದಯದೋಷ ತಪ್ಪಿಹೋದಾಗಲೆಲ್ಲ ಯಾರೋ ಒಬ್ಬ ವೈದ್ಯರ, ನರ್ಸಿನ ಅಸಡ್ಡೆಯನ್ನು ಹುಡುಕುವ ನಮ್ಮ ರೂಢಿಯನ್ನು ನಾನು ಒಪ್ಪುವುದಿಲ್ಲ. ತಪ್ಪು ಆ ವ್ಯಕ್ತಿಗಳದ್ದಕ್ಕಿಂತ ಹೆಚ್ಚಾಗಿ, ಅಳತೆಯನ್ನು ಅವರ ದಿನಚರಿಗೆ ಸೇರಿಸದ ವ್ಯವಸ್ಥೆಯದ್ದು.

ಆ ಬಲೆ ಹೇಗಿದೆ ಎಂದು ಹತ್ತಿರದಿಂದ ನೋಡೋಣ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿಗೆ ಸಿಕ್ಕಿಸುವ ಕ್ಲಿಪ್ ಇಲ್ಲಿ ನಡೆಯುವುದಿಲ್ಲ. ಹಸುಗೂಸಿನ ಬೆರಳು ಅದರೊಳಗೆ ಕಡ್ಡಿಯಂತೆ ಅಲ್ಲಾಡುತ್ತದೆ. ಅಂಗೈಗೆ ಅಥವಾ ಪಾದಕ್ಕೆ ಪಟ್ಟಿಯ ಹಾಗೆ ಸುತ್ತುವ ಪುಟ್ಟ ಪ್ರೋಬ್ ಬೇಕು, ಮಗು ಕೈಕಾಲು ಆಡಿಸಿದರೂ ಲೆಕ್ಕ ತಪ್ಪದ ಯಂತ್ರ ಬೇಕು. ಮಗು ಹುಟ್ಟಿ 24 ಗಂಟೆ ಆಗಿರಬೇಕು, ಬೆಚ್ಚಗಿರಬೇಕು, ಅಳುತ್ತಿರಬಾರದು. ಹಾಲು ಕುಡಿದು ತಾಯಿಯ ಮಡಿಲಲ್ಲೇ ತೂಕಡಿಸುತ್ತಿದ್ದರೆ ಎಲ್ಲಕ್ಕಿಂತ ಒಳ್ಳೆಯದು. ಪ್ರೋಬಿನ ಒಂದು ಕಡೆಯ ಕೆಂಪು ದೀಪ ಚರ್ಮದ ಮೂಲಕ ಹಾಯ್ದು ಇನ್ನೊಂದು ಕಡೆಯ ಸಂವೇದಕಕ್ಕೆ ತಾಗುತ್ತದೆ. ಪರದೆಯ ಮೇಲೆ ನಾಡಿಯ ಅಲೆ ಒಂದೇ ಸಮನೆ ಏಳುಬೀಳಾಗಿ ಹರಿಯುವ ತನಕ ಕಾದು ಆಮೇಲೆ ಅಂಕಿ ಓದಬೇಕು. ಮೊದಲು ಬಲಗೈ, ನಂತರ ಯಾವುದಾದರೂ ಒಂದು ಪಾದ. ಬಲಗೈಯೇ ಏಕೆಂದರೆ, ಆ ಕೈಗೆ ಹೋಗುವ ಧಮನಿ ಡಕ್ಟಸ್ ನಾಳ ಬಂದು ಸೇರುವ ಜಾಗಕ್ಕಿಂತ ಮೊದಲೇ ಕವಲೊಡೆಯುತ್ತದೆ, ಕಾಲಿಗೆ ಹೋಗುವ ರಕ್ತ ಅದನ್ನು ದಾಟಿ ಹೋಗುತ್ತದೆ. ಎರಡು ಕಡೆಯ ಅಂಕಿಗಳಲ್ಲಿ ವ್ಯತ್ಯಾಸ ಬಂದರೆ ನಾಳದ ಮೂಲಕ ಕೆಟ್ಟ ರಕ್ತ ಕೆಳಗಿಳಿಯುತ್ತಿರಬಹುದು ಎಂದು ಅರ್ಥ. 95 ಅಥವಾ ಅದಕ್ಕಿಂತ ಹೆಚ್ಚಿದ್ದು, ಕೈಕಾಲಿನ ನಡುವೆ 3ಕ್ಕಿಂತ ಹೆಚ್ಚು ಅಂತರ ಇಲ್ಲದಿದ್ದರೆ ಮಗು ಪಾಸು. ಯಾವುದೇ ಕಡೆ 90ಕ್ಕಿಂತ ಕೆಳಗಿದ್ದರೆ ಕೂಡಲೇ ವೈದ್ಯರನ್ನು ಕರೆಯಬೇಕು. ನಡುವೆ ಇದ್ದರೆ ಒಂದು ಗಂಟೆ ಬಿಟ್ಟು ಮತ್ತೆ ನೋಡಬೇಕು. ಸೂಜಿ ಇಲ್ಲ, ರಕ್ತ ತೆಗೆಯುವುದಿಲ್ಲ, ಲ್ಯಾಬಿಗೆ ಕಳಿಸುವುದಿಲ್ಲ. ಬೆಳಕಿನ ಮೂಲಕ ಆಮ್ಲಜನಕ ಅಳೆಯುವ ಈ ಉಪಾಯವನ್ನು ಜಪಾನಿನ ಎಂಜಿನಿಯರ್ ತಾಕುವೊ ಅವೊಯಾಗಿ 1970ರ ದಶಕದ ಮೊದಲ ಭಾಗದಲ್ಲೇ ಕಂಡುಕೊಂಡಿದ್ದರು. ಅದನ್ನು ಆರೋಗ್ಯವಂತ ಎಂದು ಕಾಣುವ ಪ್ರತಿ ಕೂಸಿಗೂ ಹಚ್ಚಿ ನೋಡೋಣ ಎಂಬ ಯೋಚನೆ ಬಲಿಯಲು ಮತ್ತೆ ಮೂರು ದಶಕ ಹಿಡಿಯಿತು.

ಯೋಚನೆ ಬಲಿತ ಮೇಲೆ ಪುರಾವೆ ಬೇಗ ಬಂತು. ಸ್ವೀಡನ್ನಿನಲ್ಲಿ 39,821 ಮಕ್ಕಳ ಅಧ್ಯಯನ 2009ರಲ್ಲಿ, ಇಂಗ್ಲೆಂಡಿನ 20,055 ಮಕ್ಕಳ ಅಧ್ಯಯನ 2011ರಲ್ಲಿ ಪ್ರಕಟವಾದವು. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಮರ್ಶೆ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2,29,421 ಮಕ್ಕಳ ಲೆಕ್ಕ ಕೊಟ್ಟಿತು: ತುರ್ತಿನ ಹೃದಯದೋಷವಿದ್ದ ನಾಲ್ಕು ಮಕ್ಕಳಲ್ಲಿ ಮೂವರನ್ನು ಈ ಪರೀಕ್ಷೆ ಹಿಡಿಯುತ್ತದೆ, ದೋಷವಿಲ್ಲದ ಮಗುವನ್ನು ತಪ್ಪಾಗಿ ಹಿಡಿಯುವುದು ಶೇಕಡ 0.14 ಮಾತ್ರ. ಚೀನಾದಲ್ಲಿ 1,22,738 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವೈದ್ಯರ ಸಾಮಾನ್ಯ ತಪಾಸಣೆಗೆ ಆಕ್ಸಿಮೀಟರ್ ಸೇರಿಸಿದಾಗ ತುರ್ತಿನ ದೋಷಗಳಲ್ಲಿ ಶೇಕಡ 93ರಷ್ಟು ಸಿಕ್ಕವು; ತಪಾಸಣೆ ಒಂದರಿಂದಲೇ ಸಿಗುತ್ತಿದ್ದುದು ಶೇಕಡ 77. ಆದರೂ ‘ಸಿಕ್ಕರೆ ಏನಾಯಿತು, ಮಗು ಉಳಿಯಿತೇ?’ ಎಂಬ ಪ್ರಶ್ನೆ ಉಳಿಯುತ್ತದೆ, ಅದು ಕೇಳಲೇಬೇಕಾದ ಪ್ರಶ್ನೆ. ಅಮೆರಿಕದಲ್ಲಿ ಕೇಂದ್ರ ಸರ್ಕಾರ 2011ರಲ್ಲಿ ಈ ಪರೀಕ್ಷೆಯನ್ನು ನವಜಾತ ಶಿಶುಗಳ ಶಿಫಾರಸು ಪಟ್ಟಿಗೆ ಸೇರಿಸಿದಾಗ ಎಲ್ಲ ರಾಜ್ಯಗಳೂ ಒಟ್ಟಿಗೆ ಕಡ್ಡಾಯ ಮಾಡಲಿಲ್ಲ. ನ್ಯೂಜೆರ್ಸಿ ಮೊದಲು ಮಾಡಿತು, ಉಳಿದವು ಒಂದೊಂದಾಗಿ ಹಿಂದೆ ಬಂದವು. ಹೀಗೆ ಮುಂದೆಹಿಂದೆ ಆದದ್ದರಿಂದಲೇ ಹೋಲಿಸಿ ನೋಡುವ ಅವಕಾಶ ಸಿಕ್ಕಿತು. 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಕಡ್ಡಾಯ ಮಾಡಿದ ರಾಜ್ಯಗಳಲ್ಲಿ ತುರ್ತಿನ ಹೃದಯದೋಷದಿಂದಾಗುವ ಎಳೆಯ ಮಕ್ಕಳ ಸಾವು ಮೂರನೇ ಒಂದರಷ್ಟು ಇಳಿದಿತ್ತು. ನನ್ನ ವಾದಕ್ಕೆ ಅತಿ ಮುಖ್ಯವಾದ ವಿವರ ಇದರಲ್ಲೇ ಇದೆ. ‘ಮಾಡಿದರೆ ಒಳ್ಳೆಯದು’ ಎಂದು ಬಿಟ್ಟಿದ್ದ ರಾಜ್ಯಗಳಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಯಂತ್ರ ಅದೇ, ವೈದ್ಯರೂ ಅಂಥವರೇ, ವ್ಯತ್ಯಾಸ ಕಟ್ಟಲೆಯೊಂದೇ.

ಆಕ್ಷೇಪಗಳು ಬಂದಿದ್ದು ಸಣ್ಣವರಿಂದಲ್ಲ. ಬ್ರಿಟನ್ನಿನ ರಾಷ್ಟ್ರೀಯ ಸ್ಕ್ರೀನಿಂಗ್ ಸಮಿತಿ ತನ್ನ ದೇಶದಲ್ಲೇ ನಡೆದ ಅಧ್ಯಯನಗಳನ್ನೆಲ್ಲ ನೋಡಿದ ಮೇಲೂ ಇದನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಶಿಫಾರಸು ಮಾಡಲಿಲ್ಲ. ಹೃದಯ ಸರಿಯಿರುವ ಮಕ್ಕಳನ್ನೂ ತಾಯಿಯಿಂದ ಬೇರೆ ಮಾಡಿ, ಐಸಿಯುಗೆ ಒಯ್ದು, ರಕ್ತ ತೆಗೆದು, ಆಂಟಿಬಯೋಟಿಕ್ ಹಾಕುವ ಹಾನಿಯನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಅವರ ಕಾಳಜಿಯ ತಿರುಳು. ಗರ್ಭದ ಸ್ಕ್ಯಾನ್ ಎಲ್ಲರಿಗೂ ಸಿಗುವ, ಹೆರಿಗೆಯಾದ ಮೇಲೆ ಸೂಲಗಿತ್ತಿ ನರ್ಸ್ ಮನೆಗೇ ಬಂದು ನೋಡುವ ದೇಶದಲ್ಲಿ ಈ ಕಾಳಜಿಗೆ ತೂಕವಿದೆ. ನಮ್ಮಲ್ಲಿ ಆ ತಕ್ಕಡಿ ಬೇರೆ ಕಡೆಗೆ ವಾಲುತ್ತದೆ. ಇಂಗ್ಲೆಂಡಿನ ಅಧ್ಯಯನದಲ್ಲಿ ದೊಡ್ಡ ಹೃದಯದೋಷ ಇಲ್ಲದೆಯೂ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ 169 ಮಕ್ಕಳಿದ್ದರು. ಅವರಲ್ಲಿ 40 ಮಕ್ಕಳಿಗೆ ತುರ್ತು ಗಮನ ಬೇಕಾದ ಸೋಂಕೋ ಉಸಿರಾಟದ ಕಾಯಿಲೆಯೋ ಇತ್ತು. ನವಜಾತ ಶಿಶುಗಳು ನ್ಯುಮೋನಿಯಾ ಮತ್ತು ರಕ್ತದ ನಂಜಿನಿಂದ ಸಾಯುವ ನಾಡಿನಲ್ಲಿ ಇಂಥ ‘ಸುಳ್ಳು ಎಚ್ಚರಿಕೆ’ ಸುಳ್ಳಲ್ಲ, ಬೇರೊಂದು ನಿಜ. ಹೊರೆಯ ಲೆಕ್ಕವನ್ನೂ ಹಾಕಿಬಿಡೋಣ. ಹತ್ತು ಲಕ್ಷ ಮಕ್ಕಳಿಗೆ ಶೇಕಡ 0.14 ಎಂದರೆ 1,400 ಮಕ್ಕಳು. 31 ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ ತಿಂಗಳಿಗೆ ನಾಲ್ಕು. 24 ಗಂಟೆ ಕಾದು ಮಾಡಿದರೆ ತಪ್ಪು ಹಿಡಿತ ಶೇಕಡ 0.05ಕ್ಕೆ ಇಳಿಯುತ್ತದೆ ಎಂದು ಅದೇ 2012ರ ವಿಮರ್ಶೆ ತೋರಿಸಿದೆ. ಆಗ ತಿಂಗಳಿಗೆ ಒಂದೋ ಎರಡೋ. ಜಿಲ್ಲಾ ಆಸ್ಪತ್ರೆ ತಿಂಗಳಿಗೆ ನಾಲ್ಕು ಎಕೋ ಹೆಚ್ಚಿಗೆ ಮಾಡಲಾಗದಷ್ಟು ಬಡವಾಗಿಲ್ಲ. ಮೂರನೇ ಸಿಸೇರಿಯನ್ ಕಾಯುತ್ತಿದೆ, ಹಾಸಿಗೆ ಇಲ್ಲ ಎಂದು 24 ಗಂಟೆಗೂ ಮೊದಲೇ ಕಳಿಸುವ ಕಡೆ ಹೊರಡುವ ಹೊತ್ತಿಗೇ ನೋಡುವುದು ವಾಸಿ. ತಪ್ಪು ಹಿಡಿತ ತುಸು ಹೆಚ್ಚಾದೀತು, ಆದರೆ ನೋಡದೇ ಕಳಿಸಿದ ಮಗು ಮತ್ತೆ ಕೈಗೆ ಸಿಗುವುದಿಲ್ಲ.

ಇನ್ನೊಂದು ಆಕ್ಷೇಪ ನಮ್ಮ ಮೈಬಣ್ಣಕ್ಕೆ ನೇರವಾಗಿ ತಾಗುವಂಥದ್ದು. ಕಪ್ಪು ಚರ್ಮದವರಲ್ಲಿ ಆಕ್ಸಿಮೀಟರ್ ಇರುವುದಕ್ಕಿಂತ ಹೆಚ್ಚಿನ ಅಂಕಿ ತೋರಿಸಬಹುದು ಎಂದು 2020ರಲ್ಲಿ ಅಮೆರಿಕದ ವಯಸ್ಕ ರೋಗಿಗಳ ಅಧ್ಯಯನ ಎತ್ತಿ ತೋರಿಸಿತು. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 94 ಬಂದ ಮಗುವನ್ನು ‘ಹೆಚ್ಚುಕಡಿಮೆ 95 ತಾನೇ’ ಎಂದು ಬಿಡದಿರಲು ಇದೇ ಸಾಕಾದ ಕಾರಣ. ಆದರೆ ಇದು ಯಂತ್ರವನ್ನು ಬದಿಗಿಟ್ಟು ಕಣ್ಣಿಗೆ ಮರಳಲು ಕಾರಣವಾಗದು. ಕಪ್ಪು ಮೈಯಲ್ಲಿ ಯಂತ್ರ ಸ್ವಲ್ಪ ತಪ್ಪಿದರೆ ಕಣ್ಣು ಬಹಳ ತಪ್ಪುತ್ತದೆ. ನಾಲ್ಕರಲ್ಲಿ ಒಂದು ಮಗು ಜಾರಿಹೋಗುತ್ತದಲ್ಲ ಎನ್ನುವ ಮಾತು ಇದಕ್ಕಿಂತ ಗಂಭೀರ. ಹೆಚ್ಚು ಜಾರುವುದು ಮಹಾಪಧಮನಿ ಒಂದು ಕಡೆ ಹಿಸುಕಿದಂತೆ ಕಿರಿದಾಗಿರುವ ದೋಷ. ಅಲ್ಲಿ ರಕ್ತ ಕಡಿಮೆ ಹರಿದರೂ ಹರಿಯುವ ರಕ್ತದಲ್ಲಿ ಆಮ್ಲಜನಕ ಸರಿಯಾಗಿಯೇ ಇರಬಹುದು. ಅದನ್ನು ಹಿಡಿಯಲು ವೈದ್ಯರ ಎರಡು ಬೆರಳೇ ಬೇಕು: ತೊಡೆಸಂದಿಯ ನಾಡಿಯನ್ನು ಮುಟ್ಟಿ ನೋಡಿ, ಕೈಯ ನಾಡಿಗಿಂತ ಅದು ಮಂಕಾಗಿದೆಯೇ ಎಂದು ಹೋಲಿಸುವುದು. ಚೀನಾದ ಅಧ್ಯಯನ ಕಲಿಸಿದ್ದೂ ಇದನ್ನೇ. ಯಂತ್ರ ಬಂತೆಂದು ಬೆರಳೂ ಕಿವಿಯೂ ಬಿಡುವು ಪಡೆದರೆ ಗಳಿಸಿದ್ದರಲ್ಲಿ ಅರ್ಧ ಕಳೆದುಕೊಂಡಂತೆ.

ಮತ್ತೆ, ಆಕ್ಸಿಮೀಟರ್ ಹಿಡಿಯುವುದು ತುರ್ತಿನ ಮಕ್ಕಳನ್ನು. ಹೃದಯದೋಷದ ದೊಡ್ಡ ಪಾಲು, ಅಂದರೆ ರಂಧ್ರಗಳು ಮತ್ತು ಮುಚ್ಚದೆ ಉಳಿದ ಡಕ್ಟಸ್, ಅದರ ಬಲೆಯಿಂದ ಆರಾಮವಾಗಿ ದಾಟಿ ಮನೆಗೆ ಹೋಗುತ್ತವೆ. ಇವು ಮೈದೋರುವುದು ಒಂದು ತಿಂಗಳಿನಿಂದ ಎರಡು ತಿಂಗಳ ನಡುವೆ, ಬಾಣಂತನದ ಕೋಣೆಯಲ್ಲಿ. ಮಗು ಹಾಲಿಗೆ ಹಸಿದು ಬಾಯಿ ಹಾಕುತ್ತದೆ, ಎರಡು ನಿಮಿಷ ಚೀಪಿ ಬಿಡುತ್ತದೆ, ಏದುಸಿರು ಬಿಟ್ಟು ಮತ್ತೆ ಚೀಪುತ್ತದೆ. ಹಣೆಯ ಮೇಲೆ ಬೆವರಿನ ಹನಿಗಳು, ಬೆವರಿಗೆ ಒದ್ದೆಯಾಗಿ ಅಂಟಿದ ಕೂದಲು. ಅರ್ಧ ಹೊಟ್ಟೆಗೇ ಸುಸ್ತಾಗಿ ಮಲಗಿ ಗಂಟೆಯೊಳಗೆ ಮತ್ತೆ ಅಳುತ್ತದೆ. ಪಕ್ಕೆ ಸೆಳೆಯುತ್ತದೆ. ತೂಕ ಏರುವುದಿಲ್ಲ. ಹಾಲು ಕುಡಿಯುವುದೇ ಆ ಕೂಸಿಗೆ ಬೆಟ್ಟ ಹತ್ತಿದಷ್ಟು ದುಡಿಮೆ ಎಂದು ಆ ಮನೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಕೋಣೆಯಲ್ಲಿ ಕೆಂಡ ಇಟ್ಟಿರುತ್ತಾರೆ, ಅದಕ್ಕೇ ಬೆವರು ಎನ್ನುತ್ತಾರೆ. ತಾಯಿಗೆ ಹಾಲು ಸಾಲದು ಎನ್ನುತ್ತಾರೆ. ದೃಷ್ಟಿ ತಾಗಿದೆ, ಬಾಲಗ್ರಹ ಎಂದು ತಾಯತ ಕಟ್ಟಿಸುತ್ತಾರೆ. ಅಜ್ಜಿಯರು ನೋಡಿದ್ದು ಸರಿಯೇ, ಮಗುವಿಗೆ ಏನೋ ಆಗಿದೆ ಎಂದು ಮೊದಲು ಗ್ರಹಿಸುವವರೂ ಅವರೇ. ಅದರ ಹೆಸರು ಮಾತ್ರ ತಪ್ಪಿರುತ್ತದೆ. ಹೆರಿಗೆಯಾದ 42 ದಿನದೊಳಗೆ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬರಬೇಕೆಂಬ ನಿಯಮವಿದೆ. ಆರನೇ, ಹತ್ತನೇ, ಹದಿನಾಲ್ಕನೇ ವಾರಗಳಲ್ಲಿ ಲಸಿಕೆಗೆಂದು ಮಗು ತಾನೇ ಆರೋಗ್ಯ ಕೇಂದ್ರಕ್ಕೆ ಬರುತ್ತದೆ. ‘ಹಾಲು ಕುಡಿಯುವಾಗ ಹಣೆ ಬೆವರುತ್ತದೆಯೇ, ನಡುನಡುವೆ ಬಿಡುತ್ತದೆಯೇ?’ ಎಂಬ ಎರಡು ಪ್ರಶ್ನೆ, ತೂಕದ ಗೆರೆ, ಮತ್ತೊಮ್ಮೆ ಆಕ್ಸಿಮೀಟರ್, ಎದೆಗೆ ಸ್ಟೆತಸ್ಕೋಪ್. ಹೊಸದಾಗಿ ಯಾರನ್ನೂ ಕರೆಸಬೇಕಿಲ್ಲ, ಭೇಟಿ ಈಗಾಗಲೇ ನಿಗದಿಯಾಗಿದೆ. ಇಲ್ಲಿ ತಪ್ಪಿದರೆ ಆಗುವ ನಷ್ಟ ಹಿಂದಿರುಗಿ ಬರುವಂಥದ್ದಲ್ಲ. ದೊಡ್ಡ ರಂಧ್ರವನ್ನು ಒಂದೆರಡು ವರ್ಷ ಹಾಗೇ ಬಿಟ್ಟರೆ ಶ್ವಾಸಕೋಶದ ನಾಳಗಳು ರಭಸದ ರಕ್ತಕ್ಕೆ ಸಿಕ್ಕಿ ದಪ್ಪಗಾಗಿ ಗಟ್ಟಿಯಾಗುತ್ತವೆ. ಆಮೇಲೆ ರಂಧ್ರ ಮುಚ್ಚುವುದೇ ಅಪಾಯ. ಆರು ತಿಂಗಳಲ್ಲಿ ತೇಪೆ ಹಾಕಿಸಿಕೊಂಡು ಪೂರ್ಣಾಯುಷ್ಯ ಬದುಕಬಹುದಾಗಿದ್ದ ಮಗು ಹತ್ತು ವರ್ಷಕ್ಕೆ ಬಂದಾಗ ವೈದ್ಯರು ಕೈಚೆಲ್ಲಬೇಕಾಗುತ್ತದೆ.

ಹುಟ್ಟುವ ಮೊದಲೇ ನೋಡಿಬಿಡಬಾರದೇ ಎಂದು ಕೇಳುವವರಿದ್ದಾರೆ. 18ರಿಂದ 22 ವಾರದ ಸ್ಕ್ಯಾನಿನಲ್ಲಿ ಹೃದಯದ ನಾಲ್ಕು ಕೋಣೆಗಳನ್ನೂ ಹೊರಡುವ ಎರಡು ನಾಳಗಳನ್ನೂ ಬಿಡಿಸಿ ನೋಡಿದರೆ ದೊಡ್ಡ ದೋಷಗಳು ಸಾಕಷ್ಟು ಸಿಗುತ್ತವೆ ನಿಜ. ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ, ಮೊದಲ ಮಗುವಿಗೆ ಹೃದಯದೋಷ ಇದ್ದರೆ ಭ್ರೂಣದ ಎಕೋ ಮಾಡಿಸಲೇಬೇಕು. ಕರ್ನಾಟಕದಲ್ಲಿ ಇನ್ನೊಂದು ಕಾರಣವೂ ಇದೆ: ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿ ಸುಮಾರು ಶೇಕಡ 27 ಮದುವೆಗಳು ಸೋದರಮಾವ, ಅತ್ತೆಮಗ, ಮಾವನ ಮಗಳು ಎಂದು ರಕ್ತಸಂಬಂಧದೊಳಗೇ ನಡೆದಂಥವು, ಮತ್ತು ಅಂಥ ಸಂಬಂಧದಲ್ಲಿ ಹೃದಯದೋಷದ ಸಾಧ್ಯತೆ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳಿವೆ. ಆದರೆ ಸ್ಕ್ಯಾನ್ ಎಷ್ಟು ಕಾಣಿಸುತ್ತದೆ ಎನ್ನುವುದು ನೋಡುವವರ ಕೈ ಮತ್ತು ಅವರಿಗಿರುವ ಬಿಡುವಿನ ಮೇಲೆ ನಿಂತಿದೆ. ಅದೇ ಸಮೀಕ್ಷೆಯಲ್ಲಿ ರಾಜ್ಯದ ಶೇಕಡ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ ಎಂಬ ಅಂಕಿಯೂ ಇದೆ. ಒಂದು ಪೀಳಿಗೆಯ ಹಿಂದೆ ಊಹಿಸಲಾಗದಿದ್ದ ಗಳಿಕೆ ಅದು. ನೂರರಲ್ಲಿ ತೊಂಬತ್ತೇಳು ಮಕ್ಕಳು ಒಂದೆರಡು ದಿನ ನಮ್ಮ ಕಣ್ಣೆದುರಿಗೇ ಇರುತ್ತಾರೆ. ಗರ್ಭದ ಸ್ಕ್ಯಾನ್ ಎಲ್ಲರಿಗೂ ಮುಟ್ಟಲಿ ಎಂದು ಕಾಯುತ್ತಾ ಈ ಎರಡು ದಿನವನ್ನು ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಎಲ್ಲಕ್ಕಿಂತ ಮನಸ್ಸು ಕಲಕುವ ಆಕ್ಷೇಪವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಕಂಡುಹಿಡಿದು ಮಾಡುವುದೇನು? ಆಪರೇಷನ್‌ಗೆ ದಿಕ್ಕಿಲ್ಲದ ತಂದೆತಾಯಿಗೆ ಮಗುವಿನ ಹೃದಯ ಕೆಟ್ಟಿದೆ ಎಂದು ಹೇಳಿ ಕಳಿಸುವುದು ಕ್ರೌರ್ಯವಲ್ಲವೇ? ಚಿಕಿತ್ಸೆಯ ದಾರಿ ಇಲ್ಲದ ಪರೀಕ್ಷೆ ಕ್ರೌರ್ಯವೇ, ಒಪ್ಪುತ್ತೇನೆ. ಆದರೆ ನಮ್ಮ ರಾಜ್ಯದಲ್ಲಿ ದಾರಿ ಇಲ್ಲವೇ? ಬೆಂಗಳೂರಿನಲ್ಲಿ ಜಯದೇವ ಸಂಸ್ಥೆ ಇದೆ, ಬೊಮ್ಮಸಂದ್ರದ ನಾರಾಯಣ ಹೃದಯಾಲಯ ಇದೆ, ವೈಟ್‌ಫೀಲ್ಡಿನಲ್ಲಿ ಉಚಿತವಾಗಿ ಹೃದಯ ಶಸ್ತ್ರಚಿಕಿತ್ಸೆ ಮಾಡುವ ಸತ್ಯಸಾಯಿ ಆಸ್ಪತ್ರೆ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟಿನ ಹೃದಯದೋಷವೂ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಇಲ್ಲದಿರುವುದು ಇವುಗಳನ್ನು ಜೋಡಿಸುವ ದಾರ. ಎಳೆಗೂಸುಗಳ ಸಂಕೀರ್ಣ ಆಪರೇಷನ್ ನಡೆಯುವ ಕೇಂದ್ರಗಳು ಬಹುಪಾಲು ಬೆಂಗಳೂರಿನಲ್ಲೇ. ಬೀದರಿನಿಂದ ಅಲ್ಲಿಗೆ ಸುಮಾರು 700 ಕಿಲೋಮೀಟರ್. ಆ ದೂರವನ್ನು ಮೂರು ದಿನದ ಮಗು ದಾಟಬೇಕಾದರೆ ಡಕ್ಟಸ್ ನಾಳ ದಾರಿಯುದ್ದಕ್ಕೂ ತೆರೆದಿರಬೇಕು. ಅದಕ್ಕೆ ಔಷಧವಿದೆ. ಪ್ರೊಸ್ಟಗ್ಲಾಂಡಿನ್ ಇ1 ಎಂಬ, ಫ್ರಿಜ್ಜಿನಲ್ಲಿಡಬೇಕಾದ ಒಂದು ಪುಟ್ಟ ಸೀಸೆ. 1970ರ ದಶಕದ ನಡುವಿನಿಂದ ಬಳಕೆಯಲ್ಲಿದೆ. ಡ್ರಿಪ್ಪಿನಲ್ಲಿ ಹನಿಹನಿಯಾಗಿ ಕೊಟ್ಟರೆ ನಾಳ ಮುಚ್ಚದೆ ದಿನಗಟ್ಟಲೆ ಕಾಯುತ್ತದೆ. ಕೆಲವು ಮಕ್ಕಳಿಗೆ ಅದರಿಂದ ಉಸಿರು ನಿಲ್ಲುವ ಅಪಾಯವಿರುವುದರಿಂದ ಜೊತೆಗೆ ಉಸಿರಾಟ ನೋಡಿಕೊಳ್ಳಬಲ್ಲವರು ಇರಬೇಕು. ಪ್ರತಿ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಆ ಸೀಸೆ, ಮಗುವನ್ನು ಬೆಚ್ಚಗಿಟ್ಟು ಸಾಗಿಸುವ ಆಂಬುಲೆನ್ಸ್, ಗಡಿ ಜಿಲ್ಲೆಯಾದರೆ ಹತ್ತಿರದ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಕಳಿಸಲು ಯಾರ ಸಹಿಗೂ ಕಾಯದ ಏರ್ಪಾಡು. ಆಕ್ಸಿಮೀಟರಿನ ಜೊತೆಗೇ ಬರಬೇಕಾದವು ಇವು.

ಇದು ಆಗದ ಮಾತಲ್ಲ ಎನ್ನಲು ಪಕ್ಕದ ಕೇರಳವೇ ಸಾಕ್ಷಿ. ಅಲ್ಲಿ ಶಿಶುಮರಣ ಸಾವಿರಕ್ಕೆ ಹನ್ನೆರಡರ ಹತ್ತಿರ ಬಂದು ವರ್ಷಗಟ್ಟಲೆ ನಿಂತುಬಿಟ್ಟಿತ್ತು. ಅತಿಸಾರ, ಸೋಂಕು ಇಳಿದ ಮೇಲೆ ಉಳಿದ ಸಾವುಗಳಲ್ಲಿ ಹುಟ್ಟಿನ ದೋಷಗಳದ್ದೇ ದೊಡ್ಡ ಪಾಲು, ಅದರಲ್ಲೂ ಹೃದಯದ್ದು. 2017ರಲ್ಲಿ ಅಲ್ಲಿನ ಸರ್ಕಾರ ‘ಹೃದ್ಯಂ’ ಆರಂಭಿಸಿತು. ದೋಷ ಕಂಡ ಮಗುವಿನ ವಿವರವನ್ನು ಆಸ್ಪತ್ರೆಯಾಗಲಿ ತಂದೆತಾಯಿಯಾಗಲಿ ಅಂತರ್ಜಾಲದಲ್ಲಿ ನೋಂದಾಯಿಸಬಹುದು. ಮಕ್ಕಳ ಹೃದ್ರೋಗ ತಜ್ಞರು ನೋಡಿ ಎಷ್ಟು ತುರ್ತು ಎಂದು ನಿರ್ಧರಿಸುತ್ತಾರೆ. ಸರ್ಕಾರಿ ಅಥವಾ ಖಾಸಗಿ, ಎಲ್ಲಿ ಹಾಸಿಗೆ ಖಾಲಿಯಿದೆಯೋ ಅಲ್ಲಿಗೆ ಮಗು ಹೋಗುತ್ತದೆ, ಖರ್ಚು ಸರ್ಕಾರದ್ದು. ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ಆಕ್ಸಿಮೀಟರ್ ತಪಾಸಣೆಯೂ ಇದರೊಡನೆ ಸೇರಿಕೊಂಡಿತು. 2020ರ ಹೊತ್ತಿಗೆ ಕೇರಳದ ಶಿಶುಮರಣ ಸಾವಿರಕ್ಕೆ ಆರಕ್ಕೆ ಬಂದಿತ್ತು. ಇಳಿಕೆಯ ಯಶಸ್ಸನ್ನೆಲ್ಲ ಹೃದ್ಯಂ ಒಂದಕ್ಕೇ ಕಟ್ಟುವುದು ಸರಿಯಲ್ಲ. ಆದರೆ ನೋಂದಣಿ, ತೀರ್ಮಾನ, ಹಾಸಿಗೆ, ಹಣ ಈ ನಾಲ್ಕೂ ಒಂದೇ ಕಡೆ ಸಿಕ್ಕಾಗ ಪರೀಕ್ಷೆ ಕ್ರೌರ್ಯವಾಗುವುದಿಲ್ಲ. ಇನ್ನೂ ಒಂದು ಮಾತು: ಚಿಕಿತ್ಸೆ ಬೆಳೆಯಲಿ, ಆಮೇಲೆ ಹುಡುಕೋಣ ಎನ್ನುವ ಕ್ರಮವೇ ತಲೆಕೆಳಗು. ಎಷ್ಟು ಮಕ್ಕಳಿದ್ದಾರೆ ಎಂದು ಎಣಿಸದೆ ಎಷ್ಟು ಹಾಸಿಗೆ, ಎಷ್ಟು ಸರ್ಜನ್ನರು ಬೇಕು ಎಂದು ಯಾವ ಸರ್ಕಾರವೂ ತಿಳಿಯಲಾರದು. ಕಾಣದ ಮಗು ಯಾವ ಸರತಿಯಲ್ಲೂ ನಿಂತಿರುವುದಿಲ್ಲ.

ಹಾಗಾದರೆ ಮೊದಲ ಕೆಲಸ ಬಹಳ ಸಣ್ಣದು. ತಾಯಿ ಕಾರ್ಡಿನಲ್ಲಿ ಬಿಸಿಜಿಗೆ ಒಂದು ಖಾನೆ, ಪೋಲಿಯೊಗೆ ಒಂದು ಖಾನೆ ಇರುವಂತೆ ಡಿಸ್ಚಾರ್ಜಿನ ಪುಟದಲ್ಲಿ ಇನ್ನೆರಡು ಖಾನೆ: ಬಲಗೈ, ಪಾದ. ಅದರ ಕೆಳಗೆ ಮಗು ಹುಟ್ಟಿ ಎಷ್ಟು ಗಂಟೆಗೆ ನೋಡಿದ್ದು ಎಂದು ಬರೆಯಲು ಜಾಗ. ಅದರ ಕೆಳಗೆ ಜಿಲ್ಲೆಯಲ್ಲಿ ಎಕೋ ಮಾಡುವ ಕೇಂದ್ರದ ಫೋನ್ ನಂಬರ್, ಮೊದಲೇ ಅಚ್ಚು ಹಾಕಿಸಿದ್ದು, ಯಾವ ನರ್ಸೂ ರಾತ್ರಿ ಪಾಳಿಯಲ್ಲಿ ಅದನ್ನು ಹುಡುಕುತ್ತಾ ಕೂರಬೇಕಾಗದಂತೆ. ಖಾನೆ ಖಾಲಿ ಇದ್ದರೆ ನಗು-ಮಗು ವಾಹನ ಹೊರಡುವುದಿಲ್ಲ.